ಡೊಂಕಾದ ಟೈಲ್ಸ್, ದಿನಕ್ಕೆರಡು ಕ್ಯಾರೆಟ್

ಕಳೆದ ಭಾನುವಾರ ಅಕ್ಕನ ಫೋನು. "ಬೇಗ ಬಾ ಮಾರಾಯ. ನಿನ್ನ ಭಾವ ಮಿಸ್ತ್ರಿಯ ಕುತ್ತಿಗೆ ಹಿಡಿಯುವುದೊಂದು ಬಾಕಿ!"

ವಡಾಲದ ನನ್ನ ಮನೆಯಿಂದ ಸಯನ್‌ನ ಅಕ್ಕನ ಮನೆಗೆ ಎಷ್ಟು ಹೊತ್ತು? ಹೋದೆ. ಅಕ್ಕನ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದ್ದರು. ಸಾಲು ಡೊಂಕು ಎಂದು ಭಾವನ ತಕರಾರು. ಮಿಸ್ತ್ರಿ ಗೋಡೆಗೆ ದಾರ ಎಳೆದು ಹಿಡಿದು, "ದೇಖೋ ಚಾಚಾ, ಏಕ್‌ದಮ್ ಸೀಧಾ" ಎಂದು ಸಾಲು ನೆಟ್ಟಗಿರುವುದನ್ನು ತೋರಿಸುತ್ತಿದ್ದ.

"ತೇರಾ ಧಾಗಾ ಹೀ ಟೇಡಾ ಹೈ!" ಎಂದರು ಭಾವ. (ಎಳೆದು ಹಿಡಿದ ದಾರ ಡೊಂಕಾಗುವುದುಂಟೇ?)

ಭಾವ ನಲವತ್ತು ವರ್ಷ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತವರು. ಬಣ್ಣ ನೋಡಿಯೇ ದೋಸೆ ಎಬ್ಬಿಸುವ ಕಣ್ಣು. ಅದನ್ನು ಅನುಮಾನಿಸುವುದು ಹೇಗೆ? ಆದರೂ ಕುತೂಹಲ ತಡೆಯಲಿಲ್ಲ. "ಒಂದೊಂದೇ ಕಣ್ಣು ಮುಚ್ಚಿ ನೋಡಿ ಭಾವ" ಎಂದೆ.

ಎಡಗಣ್ಣು ಮುಚ್ಚಿದರು. ಸಾಲು ನೆಟ್ಟಗಾಯಿತು. ಬಲಗಣ್ಣು ಮುಚ್ಚಿದರು. ಗೋಡೆಯನ್ನು ಕೈಯಿಂದ ಸವರಿದರು. ಆಮೇಲೆ ಮೆಲ್ಲಗೆ, "ಇದೆಂತ ಮಾರಾಯ, ನಡುವಿನ ಟೈಲ್ಸ್ ಕಾಣುವುದೇ ಇಲ್ಲ!"

ಮರುದಿನ ನಾನೂ ಅಕ್ಕನೂ ಕರೆದೊಯ್ದು ಕಣ್ಣಿನ ಡಾಕ್ಟರ ಎದುರು ಕೂರಿಸಿದರೂ ಭಾವನಿಗೆ ನಂಬಿಕೆಯಿಲ್ಲ. "ದಿನಾ ಎರಡು ಕ್ಯಾರೆಟ್ ತಿಂತೇನೆ. ಆರು ತಿಂಗಳ ಹಿಂದೆ ಸ್ವಲ್ಪ ಮಂಜಾಗಲು ಶುರುವಾದಾಗಿಂದ ವಿಟಮಿನ್ ಎ ಮಾತ್ರೆ ಸಹ ಉಂಟು. ಮತ್ತೆ ಹೇಗೆ ಹಾಳಾದ್ದು?"

ಡಾಕ್ಟರು ಧಾರವಾಡದ ಹೆಣ್ಣುಮಗಳು. "ಕಾಕಾ, ವಿಟಮಿನ್ ಎ ಕಣ್ಣಿಗೆ ಬೇಕೇ ಬೇಕು. ಕಡಿಮಿ ಆದ್ರ ಕತ್ತಲಾಗ ಕಾಣೂದಿಲ್ಲ. ಆದ್ರ ಊಟದಾಗ ಸಿಗೂದು ಸಾಕು. ಮಾತ್ರಿ ಹೆಚ್ಚು ನುಂಗಿದ್ರ ಲಿವರ್ ಕೆಡತದ."

ಭಾವನದು ವಯಸ್ಸಾದಂತೆ ರೆಟಿನಾದ ನಡುಭಾಗ ಹಾಳಾಗುವ ಕಾಯಿಲೆಯಂತೆ. ಕ್ಯಾರೆಟ್ ಅದನ್ನು ತಡೆಯುವುದಿಲ್ಲ. ಹಸಿರು ಸೊಪ್ಪು ಒಳ್ಳೆಯದು. ಬೀಡಿ ಬಿಡುವುದು ಇನ್ನೂ ಒಳ್ಳೆಯದು.

ಅಕ್ಕ ಈ ಮಾತಿಗೇ ಕಾದಿದ್ದಳು. "ಸೊಪ್ಪಿನ ಪಲ್ಯ ಮಾಡಿದರೆ ಬದಿಗೆ ದೂಡ್ತಾರೆ. ಕ್ಯಾರೆಟ್ ಕಚ್ಚಿಕೊಂಡೇ ಬಾಲ್ಕನಿಗೆ ಹೋಗಿ ಬೀಡಿ ಹಚ್ತಾರೆ!"

"ಹೋದದ್ದು ವಾಪಸ್ ಬರ್ತದಾ?" ಭಾವನ ಸ್ವರ ಸಣ್ಣದಾಗಿತ್ತು.

"ಇಂಜೆಕ್ಷನ್ ಕೊಟ್ಟು ಉಳಿದದ್ದನ್ನ ಉಳಸೂಣು. ಆರು ತಿಂಗಳ ಮೊದಲss ಬರಬೇಕಿತ್ತು. ಈ ಮಾತ್ರಿ ಯಾರು ಹೇಳಿದ್ರು?"

"ನಾನೇ ತಕ್ಕೊಂಡದ್ದು" ಎಂದರು ಭಾವ, ನನ್ನ ಕಡೆ ನೋಡದೆ.

ಸುಳ್ಳು. ವಾಟ್ಸ್ಯಾಪ್‌ನಲ್ಲಿ ಓದಿ, ವಿಲೆ ಪಾರ್ಲೆಯ ಔಷಧಿ ಅಂಗಡಿಯಿಂದ ತಂದುಕೊಟ್ಟವನು ನಾನು. ಮಾತ್ರೆ ಇದೆಯಲ್ಲ ಎಂಬ ಧೈರ್ಯದಲ್ಲೇ ಅವರು ಆರು ತಿಂಗಳು ಸುಮ್ಮನಿದ್ದದ್ದು. ನನಗೆ ನಾಚಿಕೆಯಾಯಿತು.

ಕಣ್ಣಿಗೆ ಒಳ್ಳೆಯದೆಂದು ಏನೇನೋ ತಿನ್ನುವ ನಾವು, ಆ ಕಣ್ಣನ್ನು ಡಾಕ್ಟರಿಗೆ ತೋರಿಸಿದ್ದು ಯಾವಾಗ?