ಸಂತೆಯಿಂದ ಸಂತೆಗೆ ವಾಸಿಯಾಗುವ ಕಾಲು

ನೌಬಾದದ ಗೋವಿಂದನನ್ನು ಡಾಕ್ಟರ್ ಮಾಡಿದವರು ಯಾರು ಎಂದು ಕೇಳಬೇಡಿ. ಬೋರ್ಡು ಬರೆದ ಪೇಂಟರೇ ಮಾಡಿರಬೇಕು. ಅದಕ್ಕೂ ಮೊದಲು ಖಟಕ ಚಿಂಚೋಳಿಯಲ್ಲಿ ಹುಟ್ಟಿದ ಈ ಗೋವಿಂದ ಒಂದು ಖಾಸಗಿ ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದ. ಕೊರಳಲ್ಲಿ ಸೀಟಿ, ಜೇಬಿನಲ್ಲಿ ನೋವಿನ ಮುಲಾಮು. ವರ್ಷಗಟ್ಟಲೆ ಮಕ್ಕಳನ್ನು ಓಡಿಸಿ ಅವನು ಕಲಿತದ್ದು ಒಂದೇ ವಿದ್ಯೆ: ಉಳುಕಿದ ಎಳೆಗಾಲು ಮುಲಾಮು ಹಚ್ಚಿದರೂ ವಾರದಲ್ಲಿ ಸರಿಹೋಗುತ್ತದೆ, ಹಚ್ಚದಿದ್ದರೂ ವಾರದಲ್ಲಿ ಸರಿಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ದೇವರು ದೊಡ್ಡವನು ಎಂದು ಸುಮ್ಮನಾಗುತ್ತಿದ್ದರು. ಗೋವಿಂದನಿಗೆ ಅದರಲ್ಲಿ ಒಂದು ಅಂಗಡಿ ಕಂಡಿತು.

ಶಾಲೆಯವರು ಕೆಲಸ ಬಿಡಿಸಿದ ಮೇಲೆ ಹೈದರಾಬಾದಿಗೆ ಹೋಗಿ ಒಂದು ಬೇಸಿಗೆ ಕೂತು ಸೂಜಿ ಚುಚ್ಚುವುದನ್ನು ಕಲಿತು ಬಂದ. ಆಕ್ಯುಪಂಕ್ಚರ್ ಅನ್ನುವ ಹೆಸರು ಜನರ ನಾಲಗೆಗೆ ಹತ್ತಲಿಲ್ಲ, ‘ಸೂಜಿ ಡಾಕ್ಟರ್’ ಹತ್ತಿತು. ದೊಡ್ಡವರ ಸೊಂಟ, ಮೊಣಕಾಲುಗಳನ್ನು ಅವನು ಮುಟ್ಟುತ್ತಿರಲಿಲ್ಲ. ದೊಡ್ಡವರ ನೋವು ಹಟಮಾರಿ, ಡಾಕ್ಟರನ ಮರ್ಯಾದೆ ಉಳಿಸುವುದಿಲ್ಲ. ಆದ್ದರಿಂದ ‘ಮಕ್ಕಳ ಆಟದ ಗಾಯಗಳಿಗೆ ಮಾತ್ರ’ ಎಂದು ಕೆಂಪಕ್ಷರದಲ್ಲಿ ಬರೆಸಿದ. ಜನ ಅದನ್ನು ಓದಿ, ಎಂಥ ಪರಿಣತನಪ್ಪಾ ಎಂದು ತಲೆದೂಗಿದರು.

ಭಾಲ್ಕಿ ಸಂತೆಯ ದಿನ ಭಾಲ್ಕಿ, ಔರಾದ ಸಂತೆಯ ದಿನ ಔರಾದ, ಮಿಕ್ಕ ದಿನ ನೌಬಾದ. ಸಂತೆಯಲ್ಲಿ ತರಕಾರಿ ಸಾಲಿನ ಪಕ್ಕ ನೆರಳಿಗೆ ತಾಡಪತ್ರಿ ಕಟ್ಟಿ, ಮೈತುಂಬ ಚುಕ್ಕೆಯಿದ್ದ ಮನುಷ್ಯನ ಪಟ ತೂಗುಹಾಕಿ ಕೂರುವನು. ಸೂಜಿ ಹಾಕಿ, ವಾರಪೂರ್ತಿ ಕಾಲೂರಬೇಡಿ, ಬದನೆಕಾಯಿ ತಿನ್ನಬೇಡಿ, ಮುಂದಿನ ಸಂತೆಗೆ ಬನ್ನಿ ಎನ್ನುವನು. ಮುಂದಿನ ಸಂತೆಗೆ ಮಕ್ಕಳು ಓಡುತ್ತ ಬರುವರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತಿತ್ತು. ಅಕಸ್ಮಾತ್ ಟೊಂಗೆ ಮುರಿಯದಿದ್ದರೆ ಬದನೆಕಾಯಿ ಇದ್ದೇ ಇತ್ತಲ್ಲ. ಔರಾದದ ತಂದೆಯೊಬ್ಬ ತೆಂಗಿನಕಾಯಿ ಒಡೆದು ಸೂಜಿಗಳಿಗೇ ಕುಂಕುಮ ಹಚ್ಚಿದನಂತೆ, ಗೋವಿಂದ ಬೇಡ ಅನ್ನಲಿಲ್ಲ. ನೀವು ಸಂತೆಗೆ ಹೋಗದಿದ್ದರೂ ಹುಡುಗರು ಓಡುತ್ತಾರೆ ಎಂದು ಹೆಂಡತಿ ವೃಂದಾ ಮಾತ್ರ ರೊಟ್ಟಿ ಬಡಿಯುತ್ತ ಅನ್ನುವಳು. ಆದರೆ ಅಷ್ಟರಲ್ಲಿ ಗೋವಿಂದ ತನ್ನ ಬೋರ್ಡನ್ನು ತಾನೇ ನಂಬತೊಡಗಿದ್ದ. ಕೆಟ್ಟದ್ದು ಅಲ್ಲಿಂದಲೇ.

ಭಾಲ್ಕಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಜಾಹೇದಾಳ ಮಗಳು ಅಕ್ಸಾ, ಉದ್ದಜಿಗಿತದಲ್ಲಿ ಬಿದ್ದು ಕಾಲು ಊದಿಸಿಕೊಂಡಿದ್ದಳು. ಮೂರು ಸಂತೆ ಸೂಜಿ ಹಾಕಿಸಿಕೊಂಡರೂ ಹುಡುಗಿಗೆ ಕಾಲೂರಲು ಆಗಲಿಲ್ಲ. ಬದನೆಕಾಯಿ ತಿಂದಿರಬೇಕು ಎಂದ ಗೋವಿಂದ. ಅದನ್ನು ಮನೆಯೊಳಗೇ ತಂದಿಲ್ಲ ಎಂದಳು ಜಾಹೇದಾ. ಎಕ್ಸ್‌ರೇ ತೆಗೆಸಲೇ ಎಂದು ಆಕೆ ಪ್ರತಿ ಸಲ ಕೇಳಿದಳು. ಪ್ಲಾಸ್ಟರ್ ಬಿದ್ದರೆ ಬೆಳೆಯುವ ಕಾಲು ಒಣಗುತ್ತದೆ ಎಂದು ಅವನು ಪ್ರತಿ ಸಲ ಹೆದರಿಸಿ ಕಳಿಸಿದ. ಮಗಳು ಮೊದಲಿನಂತೆ ಓಡಬೇಕು, ಆಕೆಗೆ ಬೇಕಾದದ್ದು ಅಷ್ಟೇ. ಇನ್ನೊಂದು ಸಂತೆ ಕಾಯಲಾರದೆ ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿ ನೌಬಾದಕ್ಕೇ ಬಂದಳು.

ಗೋವಿಂದ ಅಕ್ಸಾಳ ಪಾದಕ್ಕೆ ಸೂಜಿ ನೆಟ್ಟು, ರಕ್ತ ಈಗ ದಾರಿ ಹಿಡಿಯುತ್ತದೆ, ಅವಸರ ಮಾಡಿದರೆ ಕೆಡುತ್ತದೆ, ತಾಯಿಯಾದವಳಿಗೆ ತಾಳ್ಮೆ ಬೇಕು ಎಂದು ಬೋಧಿಸುತ್ತಿದ್ದ. ಆಗ ಶಾಲೆಯ ಹುಡುಗಿಯರು ಅವನ ಮಗಳು ಮಂಜಿರಿಯನ್ನು ಹೊತ್ತು ತಂದರು. ಖೋಖೋ ಆಡುವಾಗ ಕಂಬದ ಹತ್ತಿರ ಜಾರಿ ಬಿದ್ದಿದ್ದಳು, ಕಾಲಿನ ಗಂಟು ಉಬ್ಬಿತ್ತು. ಅಳುತ್ತಲೇ ಅಪ್ಪನ ಮುಂದೆ ಕಾಲು ಚಾಚಿ, ಸೂಜಿ ಹಾಕಿರಿ ಎಂದಳು.

ಗೋವಿಂದನಿಗೆ ತಾಳ್ಮೆ, ರಕ್ತದ ದಾರಿ, ಮುಂದಿನ ಸಂತೆ ಎಲ್ಲ ಮರೆತೇಹೋಯಿತು. ಕೈಯಲ್ಲಿದ್ದ ಸೂಜಿ ಎಸೆದು, ಮಗಳನ್ನು ಎತ್ತಿಕೊಂಡು ರಸ್ತೆಗೆ ಓಡಿದ. ಬೀದರದ ಎಲುಬಿನ ಡಾಕ್ಟರ ಹತ್ತಿರ ನಡಿ, ಎಕ್ಸ್‌ರೇ ತೆಗೆಸಬೇಕು ಎಂದು ಆಟೋದವನಿಗೆ ಓಣಿಯೆಲ್ಲ ಕೇಳುವ ಹಾಗೆ ಕೂಗಿದ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ನೌಬಾದ ಅದನ್ನು ಅಂದು ಕಣ್ಣಾರೆ ಕಂಡಿತು.

ಆಟೋ ಹೊರಡುವ ಮೊದಲೇ ಜಾಹೇದಾ ಅಕ್ಸಾಳನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು. ಹುಡುಗಿಯ ಪಾದದಲ್ಲಿ ಸೂಜಿಗಳು ಹಾಗೇ ಇದ್ದವು.

“ನಿಮ್ಮ ಮಗಳಿಗಿ ಎಲ್ಲಿ ತೋರಸ್ತೀರಿ, ನನ್ನ ಮಗಳಿಗೂ ಅಲ್ಲೇ ತೋರಸ್ತೇನಿ, ಡಾಕ್ಟರ್ ಸಾಬ್,” ಎಂದಳು. ದನಿ ಏರಿಸಲಿಲ್ಲ.

ಗೋವಿಂದ ಆಟೋದ ಕುಲುಕಿಗೆ ಅಲ್ಲಾಡುತ್ತಿದ್ದ ತನ್ನ ಸೂಜಿಗಳನ್ನೇ ನೋಡುತ್ತ ಕೂತ. ತೆಗೆಯಲೆಂದು ಒಮ್ಮೆ ಕೈ ಚಾಚಿದ. ಜಾಹೇದಾ ಮಗಳ ಕಾಲನ್ನು ಅತ್ತ ಸರಿಸಿಕೊಂಡಳು.

ಎಲುಬಿನ ಡಾಕ್ಟರು ಎರಡೂ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದರು. ಮಂಜಿರಿಯದು ಬರೀ ಉಳುಕು, ವಾರದಲ್ಲಿ ತಾನೇ ಸರಿಹೋಗುತ್ತದೆ ಎಂದರು. ಗೋವಿಂದನಿಗೆ ಹೋದ ಜೀವ ಬಂದಂತಾಯಿತು. ಅಕ್ಸಾಳ ಎಲುಬು ಮುರಿದಿತ್ತು. ಮುರಿದು ಬಹಳ ದಿನವಾಗಿ, ಸೊಟ್ಟಗೆ ಕೂಡಿಕೊಳ್ಳತೊಡಗಿತ್ತು. ಅವತ್ತೇ ತಂದಿದ್ದರೆ ಪ್ಲಾಸ್ಟರಿನಲ್ಲಿ ಮುಗಿಯುತ್ತಿತ್ತು, ಈಗ ಆಪರೇಷನ್ ಮಾಡಬೇಕು, ಮೊದಲಿನಂತೆ ಓಡುತ್ತಾಳೋ ಇಲ್ಲವೋ ಹೇಳಲಾರೆ ಎಂದರು. ಜಾಹೇದಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಗೋವಿಂದನಿಗೆ ಹಗುರಾಗುತ್ತಿತ್ತು.

ಡಾಕ್ಟರು ಅಕ್ಸಾಳ ಪಾದದಿಂದ ಸೂಜಿಗಳನ್ನು ಒಂದೊಂದೇ ತೆಗೆದು ತಟ್ಟೆಗೆ ಹಾಕುತ್ತ, ಇವನ್ನು ಯಾರು ಹಾಕಿದರು ಎಂದು ಕೇಳಿದರು. ಜಾಹೇದಾ ಗೋವಿಂದನ ಕಡೆ ನೋಡಿದಳು. ಗೋವಿಂದ ಗೋಡೆಯ ಕಡೆ ನೋಡಿದ.

ಮಂಜಿರಿ ಅಪ್ಪನ ಅಂಗಿ ಜಗ್ಗಿದಳು.

“ಪಪ್ಪಾ, ಅಕ್ಸಾಗ ಹಾಕಿದ್ರಿ. ನನಗ ಯಾಕ ಹಾಕಲಿಲ್ಲ?”