ಅತ್ತಿ ಬರೆದುಕೊಟ್ಟ ಹೆಸರುಗಳು

ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಹುಳಿ ಅನ್ನುವಂತಿಲ್ಲ, ಕಹಿ ಅನ್ನುವಂತಿಲ್ಲ, ಮೂಗಿನ ತುದಿಗೆ ತುಸು ಚುರುಕು. ಕಾಗದಕ್ಕೆ ಹುಳ ಹಿಡಿಯದಿರಲಿ ಎಂದು ಪುಸ್ತಕ ಕಟ್ಟುವವರು ಹಾಗೆ ಮಾಡುತ್ತಾರೆ. ಮೊನ್ನೆ ವಿಜಯಪುರದಲ್ಲಿ ಒಂದು ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತುವಾಗ ಆ ವಾಸನೆ ಎದುರಿಗೆ ಬಂತು. ಕೈಯಲ್ಲಿ ಚೀಲ ಹಿಡಿದುಕೊಂಡು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಸಿಂದಗಿಯ ನಮ್ಮ ಮಾಳಿಗೆ ಮನೆಯ ಪಡಸಾಲೆ, ಬೆಳಕಿಂಡಿಯಿಂದ ನೇರವಾಗಿ ಇಳಿಯುತ್ತಿದ್ದ ಬಿಸಿಲು, ಆ ಬಿಸಿಲಲ್ಲಿ ಅಂಟಿನ ಬೋಗುಣಿ ಮುಂದಿಟ್ಟುಕೊಂಡು ಕೂತ ನೀಲವ್ವ ಅತ್ತಿ, ಎಲ್ಲ ಒಟ್ಟಿಗೇ ಬಂದವು. ಹಿಂದಿನಿಂದ ಬಂದವರು ಯಾರೋ “ಸರೀರಿ ಅಕ್ಕಾರ” ಅಂದ ಮೇಲೆಯೇ ನನಗೆ ಎಚ್ಚರವಾದದ್ದು.

ನೀಲವ್ವ ಅತ್ತಿ ನಮ್ಮಪ್ಪನ ಅಕ್ಕ. ಏಳನೆಯ ಇಯತ್ತೆಯವರೆಗೆ ಓದಿದ್ದಳು. ಇಂಡಿಗೆ ಮದುವೆ ಮಾಡಿಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡ ಜ್ವರ ಬಂದು ತೀರಿಕೊಂಡ, ಅತ್ತಿ ತವರಿಗೆ ಬಂದಳು. ನಾನು ಹುಟ್ಟುವಾಗಲೇ ಅವಳು ಆ ಮನೆಯ ಕಂಬಗಳ ಹಾಗೆ ಅಲ್ಲಿದ್ದವಳು. ಮಾತು ಬಹಳ ಕಡಿಮೆ. ಮನೆಯವರೊಂದಿಗೆ ನಾಲ್ಕು ಮಾತಾಡುತ್ತಿದ್ದಳು. ಮೂರನೆಯವರು ಬಂದರೆ ಅವಳ ಕುತ್ತಿಗೆ ಕೆಂಪಾಗುತ್ತಿತ್ತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು, ಮಾತು ಎಲ್ಲೋ ಒಳಗೇ ಉಳಿದುಬಿಡುತ್ತಿತ್ತು. ನಮ್ಮ ಕಡೆ ಮಾತು ಬಲ್ಲವರಿಗೇ ಮಣೆ. ಸಂತೆಯಲ್ಲಾಗಲಿ ನ್ಯಾಯದಲ್ಲಾಗಲಿ ಗಟ್ಟಿಯಾಗಿ, ಗಡಗಡ ಮಾತಾಡಿದವರದೇ ಮೇಲುಗೈ. ನಮ್ಮಪ್ಪ ಅಂಥವನು. ಅವನು ಕಟ್ಟೆಯ ಮೇಲೆ ಕೂತು ಬಾಯಿ ತೆರೆದರೆ ಚಹಾ ಆರುವವರೆಗೂ ಯಾರೂ ಕಪ್ಪು ಎತ್ತುತ್ತಿರಲಿಲ್ಲ. ಅಂಥವನ ಒಡಹುಟ್ಟಿದವಳು ಇಂಥವಳು ಹೇಗಾದಳು ಎಂದು ಬಂದವರೆಲ್ಲ ಅವಳ ಎದುರಿಗೇ ಕೇಳುತ್ತಿದ್ದರು, ಅವಳಿಗೆ ಕಿವಿಯೂ ಇಲ್ಲವೆಂಬಂತೆ.

ಆದರೆ ಅತ್ತಿ ಬರೆಯುತ್ತಿದ್ದಳು. ಏನು ಅಂದಿರಾ? ಒಡಪು. ಮದುವೆಯಾಗಿ ಬಂದ ಸೊಸೆಯನ್ನು ನಾದಿನಿ ಹೊಸ್ತಿಲಲ್ಲಿ ಅಡ್ಡಗಟ್ಟಿ “ಹೆಸರ ಹೇಳು, ಒಳಗ ಬಾ” ಅನ್ನುತ್ತಾಳಲ್ಲ, ಆಗ ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳಬೇಕಲ್ಲ, ಆ ಎರಡು ಸಾಲು. ಮುದ್ದೇಬಿಹಾಳದಿಂದ, ದೇವಣಗಾಂವದಿಂದ, ಇಂಡಿಯ ಸುತ್ತಲ ಹಳ್ಳಿಗಳಿಂದ ತಾಯಂದಿರು ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಅವಳಲ್ಲಿಗೆ ಬರುತ್ತಿದ್ದರು. ಬರುತ್ತಿದ್ದದ್ದು ಮಾತ್ರ ಹಿತ್ತಲ ಬಾಗಿಲಿನಿಂದ. ಗಂಡ ಸತ್ತವಳ ಕೈಯಲ್ಲಿ ಮದುಮಗನ ಹೆಸರು ಬರೆಸಿದರು ಅಂತ ಗೊತ್ತಾದರೆ ಬೀಗರು ಬಿಟ್ಟಾರೆಯೇ? “ಯಾರ ಮುಂದನೂ ಹೇಳಬ್ಯಾಡ ಮತ್ತ, ಖೋಡಿ” ಎಂದು ನನ್ನ ಕೈಗೆ ಬೆಲ್ಲದ ಚೂರು ಇಟ್ಟುಹೋಗುತ್ತಿದ್ದರು. ಸಾಲು ಬೇಕು, ಬರೆದವಳು ಬೇಡ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಅತ್ತಿ ಕೆಲಸ ಮಾಡುವ ರೀತಿಯೇ ಬೇರೆಯಿತ್ತು. ಮೊದಲು ಹುಡುಗಿಗೆ ಹಿತ್ತಲಿನ ಗಿಡಕ್ಕೆ ಎರಡು ತಂಬಿಗೆ ನೀರು ಹಾಕಿ ಬಾ ಅನ್ನುತ್ತಿದ್ದಳು. ಹೋಗುವಾಗ ಬರುವಾಗ ಅವಳು ತಾಯಿಯ ಹತ್ತಿರ ಏನು ಮಾತಾಡಿದಳು, ಎಲ್ಲಿ ನಕ್ಕಳು, ಎಲ್ಲಿ ಉಸಿರು ತಗೊಂಡಳು ಎಂಬುದನ್ನು ಕಿವಿಯಿಟ್ಟು ಕೇಳುತ್ತಿದ್ದಳು. ಉಸಿರು ಕಡಿಮೆ ಇದ್ದವಳಿಗೆ ಸಣ್ಣ ಸಾಲು. ನಾಚಿಕೆಯವಳಿಗೆ ಗಂಡನ ಹೆಸರು ಕಟ್ಟಕಡೆಗೆ, ಹೇಳುತ್ತಲೇ ಜನ ನಕ್ಕು ಆ ನಗೆಯಲ್ಲಿ ಅವಳು ಒಳಗೆ ಓಡಿಹೋಗುವಂತೆ. ಧೈರ್ಯದವಳಿಗೆ ಅತ್ತೆಯನ್ನು ತುಸು ಚುಚ್ಚುವ ಸಾಲು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಬೆನ್ನಿಗೆ ಎರಡು ಪ್ರತಿ ಬರೆಯುತ್ತಿದ್ದಳು. ಒಂದು ಅವರಿಗೆ, ಒಂದು ತನ್ನ ತಗಡಿನ ಪೆಟ್ಟಿಗೆಗೆ. ತಾನು ಎರಡು ಶಬ್ದ ಆಡಲಾರದವಳು ಊರಿನ ಹೆಣ್ಣುಮಕ್ಕಳ ನಾಲಿಗೆಯ ಅಳತೆ ತೆಗೆದುಕೊಳ್ಳುತ್ತಿದ್ದಳು.

ಅವಳ ಸ್ವಂತ ಮದುವೆಯ ದಿನದ್ದನ್ನು ನನಗೆ ಅಜ್ಜಿ ಹೇಳಿದ್ದು. ಇಂಡಿಯ ಮನೆಯ ಹೊಸ್ತಿಲಲ್ಲಿ ಅತ್ತಿಯನ್ನು ನಿಲ್ಲಿಸಿ ಹೆಸರು ಕೇಳಿದರಂತೆ. ತಾನೇ ಕಟ್ಟಿಕೊಂಡು ಹೋದ ಒಡಪು ಇತ್ತು, ಬಾಯಿಗೆ ಬರಲಿಲ್ಲ. ಜನ ಕಾದು, ನಕ್ಕು, ಬೇಸತ್ತು, ಕಡೆಗೆ ಯಾರೋ ಹೆಗಲು ಹಿಡಿದು ಒಳಗೆ ನೂಕಿದರಂತೆ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಮೂಕಿ.

ನನಗೂ ಅತ್ತಿಗೂ ಒಬ್ಬ ದೇವರಿದ್ದರು. ವಾರಪತ್ರಿಕೆಯಲ್ಲಿ ಧಾರಾವಾಹಿ ಬರೆಯುತ್ತಿದ್ದ ಒಬ್ಬ ಲೇಖಕಿ. ಅತ್ತಿ ಅವರನ್ನು ‘ಕತಿ ಅಕ್ಕಾರು’ ಅನ್ನುತ್ತಿದ್ದಳು, ನಾನೂ ಹಾಗೇ ಅನ್ನುತ್ತೇನೆ. ಗುರುವಾರದ ಬಸ್ಸಿಗೆ ಪತ್ರಿಕೆ ಬರುತ್ತಿತ್ತು. ಯಾರು ಮೊದಲು ಓದಬೇಕು ಎಂದು ಹನ್ನೊಂದರ ನಾನೂ ನಲವತ್ತರ ಅವಳೂ ಕಿತ್ತಾಡುತ್ತಿದ್ದೆವು. ಹಂಡೆಯ ನೀರು ಕಾಯುವುದನ್ನು ನೋಡುತ್ತ ಕೂತ ಹೆಂಗಸೊಬ್ಬಳ ಬಗ್ಗೆ ಅವರು ಒಂದಿಡೀ ಪುಟ ಬರೆದಿದ್ದರು. ಮರುದಿನ ಸ್ನಾನಕ್ಕೆ ಹೋದರೆ ನಮ್ಮ ಬಚ್ಚಲೇ ನನಗೆ ಹೊಸದಾಗಿ ಕಂಡಿತು. ಕತೆ ಮುಗಿದ ಮೇಲೆ ಅತ್ತಿ ಆ ಪುಟಗಳನ್ನೆಲ್ಲ ಬಿಡಿಸಿ, ದಾರ ಹೊಲಿದು, ಅಂಟು ಕಾಸಿ, ಹಳೆಯ ಸೀರೆಯ ಬಟ್ಟೆಯ ರಟ್ಟು ಹಾಕಿ ಪುಸ್ತಕ ಕಟ್ಟುತ್ತಿದ್ದಳು. ಇಷ್ಟು ಚೆಂದ ಬರೆಯುವವರು ಎಷ್ಟು ಚೆಂದ ಮಾತಾಡಬಹುದು! ಅದನ್ನೇ ನಾನು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದೆ.

ತೊಂಬತ್ತರ ದಶಕದ ನಡುವೆ ಒಂದು ಸಲ ಅವರು ನಮ್ಮೂರಿಗೇ ಬಂದರು. ಹೆಂಗಸರ ಒಂದು ಸಮಾರಂಭ, ಅದರಲ್ಲೊಂದು ಒಡಪಿನ ಪಂದ್ಯ, ಕತಿ ಅಕ್ಕಾರು ಮುಖ್ಯ ಅತಿಥಿ. ಪಂದ್ಯ ನಡೆಸಿಕೊಡಲು ಬಸವನ ಬಾಗೇವಾಡಿಯಿಂದ ಒಬ್ಬ ಮಾಸ್ತರರು ಬಂದಿದ್ದರು. ಭಾಷಣದಲ್ಲಿ ಎತ್ತಿದ ಕೈ. ಅತ್ತಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಾನು ಕಟ್ಟಿದ ಪುಸ್ತಕವನ್ನು ಎದೆಗವಚಿಕೊಂಡು ನಾಲ್ಕನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ನಾನು. ಅಪ್ಪ ಹಿಂದೆ ಗಂಡಸರ ಜೊತೆ ನಿಂತಿದ್ದ.

ಕತಿ ಅಕ್ಕಾರು ಎದ್ದರು. ಸಣ್ಣ ಆಳು, ದಪ್ಪ ಕನ್ನಡಕ. ಕೈಯಲ್ಲಿನ ಕಾಗದ ನಾಲ್ಕನೆಯ ಸಾಲಿಗೆ ಕಾಣುವಷ್ಟು ನಡುಗುತ್ತಿತ್ತು. ಮೈಕು ಕಿರ್ರ್ ಅಂದಾಗ ಬೆಚ್ಚಿ ಹಿಂದೆ ಸರಿದರು. ಒಂದು ಪುಟ ತಲೆ ಎತ್ತದೆ ಓದಿದರು. ಸಾಲು ತಪ್ಪಿ ಹೋಗಿ, ಮತ್ತೆ ಹುಡುಕಿ, “ಕ್ಷಮಿಸಿ, ನನಗೆ ಮಾತು ಬರುವುದಿಲ್ಲ” ಎಂದು ಕೂತುಬಿಟ್ಟರು. ಮಾಸ್ತರರು ಮೈಕು ಹಿಡಿದು, “ಅಕ್ಕಾರು ಮಾತೆಲ್ಲಾ ಪೆನ್ನಿನಾಗ ತುಂಬಿ, ಪೆನ್ನ ಮನ್ಯಾಗ ಬಿಟ್ಟು ಬಂದಾರ ನೋಡ್ರಿ” ಅಂದರು. ಸಭೆ ಹೋ ಎಂದು ನಕ್ಕಿತು. ನಾನೂ ನಕ್ಕೆ. ಹೌದು, ನಾನೂ. ನಂಬಿಸಿದ್ದ ಗೆಳತಿಯರೆಲ್ಲ ಸುತ್ತ ಕೂತಿದ್ದರು, ಅವಮಾನವಾಗಿತ್ತು, ನಕ್ಕುಬಿಟ್ಟೆ. ಅತ್ತಿ ನನ್ನ ಕೈಯೊಳಗಿಂದ ತನ್ನ ಕೈ ತೆಗೆದುಕೊಂಡಳು.

ಪಂದ್ಯ ಶುರುವಾಯಿತು. ಹತ್ತಾರು ಜನ ಹೇಳಿದರು. ಕಡೆಗೆ ಕಮಲಾ ಎದ್ದಳು. ದೇವಣಗಾಂವದ ಹುಡುಗಿ, ಹಿಂದಿನ ವರ್ಷವಷ್ಟೇ ಸಿಂದಗಿಗೆ ಸೊಸೆಯಾಗಿ ಬಂದವಳು. ಅತ್ತೆ ಪಕ್ಕದಲ್ಲೇ ಕೂತಿದ್ದಳು. ಕಮಲಾ ಗಂಟೆ ಬಾರಿಸಿದ ಹಾಗೆ ಹೇಳಿದಳು:

“ಬಿಳಿಜ್ವಾಳದ ತೆನಿ ಬಾಗೈತಿ ಹಾಲ ತುಂಬಿ,
ನಾ ಬಂದೇನಿ ಮನಿಗೆ ಮಲ್ಲಪ್ಪನವರ ಮಾತ ನಂಬಿ.”

ಚಪ್ಪಾಳೆಯೋ ಚಪ್ಪಾಳೆ. ಮಾಸ್ತರರಿಗೆ ಹುರುಪು ಬಂತು. “ಇದು ನೋಡ್ರಿ ನಮ್ಮ ಮಣ್ಣಿನ ಮಾತ! ಬಾಯಾಗ ಹುಟ್ಟಿದ್ದು, ಬಾಯಾಗ ಬೆಳದದ್ದು. ಮೂಲ್ಯಾಗ ಕುಂತು ಬರಿಯೂ ಮಂದಿಗೆ ಇದು ಸಾಧಿಸ್ತೈತೇನು?” ಅಂದರು. ಕತಿ ಅಕ್ಕಾರು ತಲೆ ತಗ್ಗಿಸಿದರು. ನಾನು ಅತ್ತಿಯನ್ನು ನೋಡಿದೆ. ಆ ಎರಡು ಸಾಲನ್ನು ಅವಳು ಯಾವ ಮೂಲೆಯಲ್ಲಿ ಕೂತು ಬರೆದಳು, ‘ನಂಬಿ’ ಸಿಗುವವರೆಗೆ ಎಷ್ಟು ಹಾಳೆ ಹರಿದಳು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ: “ಅದು ಬಾಯಾಗ ಹುಟ್ಟಿದ್ದಲ್ಲರಿ! ನಮ್ಮತ್ತಿ ಬರದದ್ದು!”

ಕಮಲಾಳ ಅತ್ತೆ ತಿರುಗಿದಳು. “ಏನ? ಗಂಡನ ಕಳಕೊಂಡಾಕಿ ಕಡಿಂದ ನನ್ನ ಮಗನ ಹೆಸರ ಬರಿಸಿದಿ?” ಎಂದು ಸೊಸೆಯನ್ನು ಕೇಳಿದಳು. ಮಾಸ್ತರರು ಮಾತು ತಿಳಿಮಾಡಲೆಂದೇ ಏನೋ, “ಹಂಗಾರ ಕರೀರಿ ಅವರನ್ನ ಮ್ಯಾಲ. ಬರದಾವರು ಒಂದ ಹೇಳಿ ತೋರಸಲಿ, ಒಪ್ಪಿಗೋತೇವಿ” ಅಂದರು. ನ್ಯಾಯವೆಂದೇ ನನಗೆ ಅನಿಸಿತು ಕಾಣಿರಿ. ನಾನೇ ಅತ್ತಿಯ ಕೈ ಹಿಡಿದು ಎಳೆದುಕೊಂಡು ವೇದಿಕೆ ಹತ್ತಿಸಿದೆ. ಅವಳು ಮೈಕಿನ ಮುಂದೆ ನಿಂತಳು. ಕುತ್ತಿಗೆ ಕೆಂಪಾಯಿತು, ಸೆರಗು ಬೆರಳಿಗೆ ಸುತ್ತಿತು, ತುಟಿ ಅಲುಗಿತು, ಅಷ್ಟೆ. ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು, “ಬರದಾಳ ಅಂತ, ಬಾಯೇ ಇಲ್ಲಲ್ಲವಾ” ಅಂದರು. ಇಂಡಿಯ ಹೊಸ್ತಿಲಿನಲ್ಲಿ ಅವಳನ್ನು ನಾನು ಎರಡನೆಯ ಸಲ ನಿಲ್ಲಿಸಿದ್ದೆ.

ಆಗ ಕತಿ ಅಕ್ಕಾರು ಕುರ್ಚಿಯಿಂದ ಎದ್ದರು. ತಾವು ಓದಿದ ಕಾಗದದ ಬೆನ್ನು ತಿರುಗಿಸಿ ಮೇಜಿನ ಮೇಲಿಟ್ಟು, ತಮ್ಮ ಪೆನ್ನನ್ನು ಅತ್ತಿಯ ಕೈಗೆ ಕೊಟ್ಟರು. ಅತ್ತಿ ಬಗ್ಗಿ ಬರೆಯತೊಡಗಿದಳು. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಒಂದು ಶಬ್ದ ಹೊಡೆದುಹಾಕಿದಳು, ಯೋಚಿಸಿದಳು, ಇನ್ನೊಂದು ಬರೆದಳು. ಅಷ್ಟು ಜನರ ಮುಂದೆ ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಕತಿ ಅಕ್ಕಾರು ಅದನ್ನು ಓದಿದರು, ಮೈಕಿನ ಕಡೆ ನೋಡಿದರು, ತಮ್ಮಿಂದಾಗದೆಂದು ತಲೆಯಾಡಿಸಿ ಕಮಲಾಳತ್ತ ಚಾಚಿದರು. “ಮುಟ್ಟಬ್ಯಾಡ ಅದನ್ನ” ಎಂದಳು ಅವಳ ಅತ್ತೆ. ಕಮಲಾ ಅವಳ ಕಡೆ ತಿರುಗಿ, “ಅವರ ಬರದದ್ದು ಹೇಳೇ ನಿಮ್ಮ ಹೊಸ್ತಿಲಾ ದಾಟೇನ್ರಿ. ಈಗೇನ ಹೊರಗ ಹೋಗಲೇನು?” ಎಂದು ಕೇಳಿ, ವೇದಿಕೆ ಹತ್ತಿ ಓದಿದಳು:

“ಹೊಸ್ತಿಲದಾಗ ನಿಂತಾಗ ನನ್ನ ಬಾಯಿಗೆ ಮಾತ ಬರಲಿಲ್ಲ,
ಗುರಪ್ಪನವರ ಹೆಸರ ನನ್ನ ಕೈ ಎಂದೂ ಮರಿಲಿಲ್ಲ.”

ಗುರಪ್ಪ ಅಂದರೆ ಅತ್ತಿಯ ಗಂಡ. ಸತ್ತು ಇಪ್ಪತ್ತು ವರ್ಷವಾದವನ ಹೆಸರನ್ನು ವಿಧವೆಯೊಬ್ಬಳು ಮುತ್ತೈದೆಯರ ಸಭೆಯಲ್ಲಿ ಒಡಪು ಕಟ್ಟಿ ಕೊಟ್ಟಿದ್ದಳು. ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮಾಸ್ತರರು, ನಿಜವನ್ನೇ ಹೇಳಬೇಕು, ಮೈಕಿನಿಂದ ದೂರ ಸರಿದು ಕೈಮುಗಿದರು.

ಆಮೇಲೆ ವೇದಿಕೆಯ ಹಿಂದಿನ ಬಾಕಿನ ಮೇಲೆ ಅತ್ತಿಯೂ ಕತಿ ಅಕ್ಕಾರೂ ಅಕ್ಕಪಕ್ಕ ಕೂತರು. ಅತ್ತಿ ತಾನು ಕಟ್ಟಿದ ಪುಸ್ತಕ ಕೊಟ್ಟಳು. ಅವರು ರಟ್ಟನ್ನು ಸವರಿ, ಒಳಗಿನ ಖಾಲಿ ಹಾಳೆಯ ಮೇಲೆ ಏನೋ ಬರೆದು ತೋರಿಸಿದರು, ಅತ್ತಿ ಅದರ ಕೆಳಗೆ ಬರೆದಳು, ಮತ್ತೆ ಅವರು. ಆ ಕಡೆ ವಂದನಾರ್ಪಣೆ ನಡೆದಿತ್ತು, ಉಪ್ಪಿಟ್ಟಿಗೆ ನೂಕಾಟ ನಡೆದಿತ್ತು, ಇವರಿಬ್ಬರೂ ತುಟಿ ಬಿಚ್ಚದೆ ಒಂದು ತಾಸು ಹರಟೆ ಹೊಡೆದರು. ನಡುನಡುವೆ ಇಬ್ಬರೂ ನಗುತ್ತಿದ್ದರು. ಅತ್ತಿಯ ಹಲ್ಲು ಅಷ್ಟೊಂದು ಬೆಳ್ಳಗಿವೆ ಎಂದು ನನಗೆ ಅಂದೇ ಗೊತ್ತಾದದ್ದು.

ದಾರಿಯಲ್ಲಿ ಅಪ್ಪ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ನನಗೋ ಶಹಬ್ಬಾಸ್ ಅನಿಸಿಕೊಳ್ಳುವ ಆಸೆ. ಅತ್ತಿ ಮನೆಗೆ ಬಂದು, ಕಾಲು ತೊಳೆದುಕೊಂಡು, ನನ್ನನ್ನು ಹತ್ತಿರ ಕರೆದಳು. “ಕೂಗಿದ್ದಕ್ಕ ಸಿಟ್ಟಿಲ್ಲ. ಆದರ ನನ್ನ ಎಳಕೊಂಡ ಹ್ವಾದಿ ನೋಡು. ಬರದದ್ದು ಖರೇ ಅನ್ನಾಕ ನಿನಗ ಬಾಯಿ ಯಾಕ ಬೇಕಾತು?” ಎಂದಳು. ಅವಳು ನನ್ನ ಹತ್ತಿರ ಒಟ್ಟಿಗೇ ಆಡಿದ ಅತಿ ಉದ್ದದ ಮಾತು ಅದು. ನನಗೆ ಅಳು ಬಂತು.

ಆರು ತಿಂಗಳು ಯಾವ ತಾಯಿಯೂ ಹಿತ್ತಲ ಬಾಗಿಲು ತಟ್ಟಲಿಲ್ಲ. ಆಮೇಲೆ ಕಮಲಾ ತನ್ನ ತಂಗಿಯನ್ನು ಕರೆದುಕೊಂಡು ಬಂದಳು, ಮುಂಬಾಗಿಲಿನಿಂದ. ಅಪ್ಪನೇ ಎದ್ದು ಹೋಗಿ ಚಾಪೆ ಹಾಸಿದ. ಎಲ್ಲರೂ ಬದಲಾದರು ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಲವರು ಕಡೆಯವರೆಗೂ ಹಿತ್ತಲಿನಿಂದಲೇ ಬಂದರು. ಕತಿ ಅಕ್ಕಾರ ಪತ್ರಗಳು ಮಾತ್ರ ವರ್ಷಗಟ್ಟಲೆ ಬಂದವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅತ್ತಿ ಹೋದಳು, ಆಮೇಲೆ ಅಪ್ಪ. ಮಾಳಿಗೆ ಮನೆ ಕೆಡವಿದರು. ಬೆಳಕಿಂಡಿಯ ಬಿಸಿಲು ಬೀಳುತ್ತಿದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು. ಅವಳ ಪೆಟ್ಟಿಗೆ ಎಲ್ಲಿ ಹೋಯಿತು, ಒಮ್ಮೆ ವಿಚಾರಿಸಿ ನೋಡಿ.

ನಾನೂ ಈಗ ನಾಲ್ಕು ಪುಸ್ತಕ ಬರೆದಿದ್ದೇನೆ. ಸಭೆಗೆ ಕರೆಯುತ್ತಾರೆ. ಬರೆದುಕೊಂಡು ಹೋಗಿ, ತಲೆ ತಗ್ಗಿಸಿ ಓದಿ ಬರುತ್ತೇನೆ. “ಬರೀತಾರ ಛೊಲೋ, ಮಾತಾಡಾಕ ಬರೂದಿಲ್ಲ” ಎಂಬುದು ಹಿಂದಿನ ಸಾಲಿನಿಂದ ಕಿವಿಗೆ ಬೀಳುತ್ತದೆ. ಬೀಳಲಿ. ಗಾಣಿಗನನ್ನು ಯಾರೂ ಎಣ್ಣೆ ತೆಗೆದದ್ದು ಸಾಲದು, ಹಾಡಿಯೂ ತೋರಿಸು ಅನ್ನುವುದಿಲ್ಲ. ಕತಿ ಅಕ್ಕಾರು ಅಂದು ಕ್ಷಮೆ ಕೇಳಿದರು, ನಾನು ಕೇಳುವುದಿಲ್ಲ. ಅವರ ಪಾಲಿನದ್ದನ್ನೂ ಸೇರಿಸಿಯೇ ಕೇಳುವುದಿಲ್ಲ.

ಮೆಟ್ಟಿಲು ಹತ್ತಿ ಚೀಲ ಬಿಚ್ಚಿದೆ. ಅತ್ತಿಯ ತಗಡಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೂರಕ್ಕೂ ಮಿಕ್ಕಿ ಕ್ಯಾಲೆಂಡರಿನ ಹಾಳೆಗಳು. ಪ್ರತಿಯೊಂದರ ಬೆನ್ನಿಗೆ ಎರಡು ಸಾಲು, ಯಾರೋ ಒಬ್ಬಳ ಗಂಡನ ಹೆಸರು. ಎಲ್ಲಕ್ಕೂ ಕೆಳಗೆ, ಕತಿ ಅಕ್ಕಾರ ಭಾಷಣದ ಬೆನ್ನಿಗೆ ಬರೆದ ಆ ಎರಡು ಸಾಲು. ಬೈಂಡಿಂಗಿನ ಅಜ್ಜ ಹಾಳೆಗಳನ್ನು ಬಡಿದು ಸಮ ಮಾಡುತ್ತ, “ರಟ್ಟಿನ ಮ್ಯಾಲ ಯಾರ ಹೆಸರ ಹಾಕಲಿರಿ?” ಎಂದು ಕೇಳಿದ. ಇಷ್ಟು ಹೆಸರುಗಳಲ್ಲಿ ಎಲ್ಲಿಯೂ ಇಲ್ಲದ ಒಂದೇ ಹೆಸರು. ಹೇಳಬೇಕೆಂದು ಬಾಯಿ ತೆರೆದೆ. ಕುತ್ತಿಗೆ ಬಿಸಿಯಾಯಿತು, ಧ್ವನಿ ಬರಲಿಲ್ಲ. ಅಜ್ಜ ಕಾದ. ಅವನ ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ಕೈಚಾಚಿ ಇಸಿದುಕೊಂಡು, ರಟ್ಟಿನ ಚೂರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ನೀಲವ್ವ.