ಅಳಿಸುವ ಆಜ್ಞೆಗೆ ನಾನು ಮಾಡಿದ ಸುಧಾರಣೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಫೋಟೋ ಲ್ಯಾಬಿನ ಕಂಪ್ಯೂಟರಿನಲ್ಲಿ ಒಂದು ಆಜ್ಞೆ ಇದೆ. ಅದನ್ನು ಬರೆದವಳು ನಾನು, ಹನ್ನೊಂದು ವರ್ಷಗಳಿಂದ ತಿದ್ದಿ ತೀಡುತ್ತಿರುವವಳೂ ನಾನೇ. ಅದರ ಕೆಲಸ ಒಂದೇ, ಫೈಲು ಅಳಿಸುವುದು. ಅದರಿಂದಾಗಿ ನಲವತ್ತು ವರ್ಷ ಕ್ಯಾಮೆರಾ ಹಿಡಿದ ಹಿರಿಯರೊಬ್ಬರ ನೌಕರಿ ಹೋಯಿತು. ನೌಕರಿಗಿಂತ ಹೆಚ್ಚಾಗಿ ಹೆಸರು ಹೋಯಿತು. ಆ ಹೆಸರನ್ನು ಉಳಿಸುವುದು ನನ್ನ ಒಂದು ಮಾತಿನಲ್ಲಿತ್ತು, ಈಗಲೂ ಇದೆ. ಇದನ್ನು ಓದಿ ಯಾರಾದರೂ ‘ಪಾಪ, ಎಷ್ಟು ನೊಂದುಕೊಂಡಿದ್ದಾಳೆ’ ಎಂದರೆ ನನಗೆ ಸಿಟ್ಟು ಬರುತ್ತದೆ.

ಲ್ಯಾಬಿನ ಫೋಟೋಗಳೆಲ್ಲ ಇರುವುದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಒಂದು ದೊಡ್ಡ ಯಂತ್ರದಲ್ಲಿ. ಅದಕ್ಕೂ ಹಿಂದಿನ ಯುನಿಕ್ಸ್ ಕಾಲದಿಂದ ಇಂಥ ಯಂತ್ರಗಳಲ್ಲಿ ಫೈಲು ಅಳಿಸಲು ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆ. ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಕೇಳುವುದಿಲ್ಲ, ಹೇಳುವುದಿಲ್ಲ, ವಾಪಸ್ ಕೊಡುವುದಿಲ್ಲ. ನಾನು ಸೇರಿದ ಮೊದಲ ತಿಂಗಳಲ್ಲೇ ಆಲ್ಬಮ್ ಮಾಡುವವಳೊಬ್ಬಳು ಶಿರಗುಪ್ಪಿಯ ಒಂದು ನಿಶ್ಚಿತಾರ್ಥವನ್ನು ಹೀಗೆ ಪೂರ್ತಿ ಅಳಿಸಿ, ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಅತ್ತಳು. ಅವಳನ್ನು ಹೊರಗೆ ಕರೆತಂದ ಮೇಲೆ ನಾನು ಆರ್‌ಎಂ ಜಾಗದಲ್ಲಿ ನನ್ನದೇ ಆಜ್ಞೆಯೊಂದನ್ನು ಕೂಡಿಸಿದೆ.

ಮೊದಮೊದಲು ಅದು ‘ಖರೇನ?’ ಎಂದು ಕೇಳುತ್ತಿತ್ತು, ಅಷ್ಟೇ. ಎರಡು ವಾರದಲ್ಲಿ ಎಲ್ಲರೂ ಓದದೆಯೇ ‘ಹೌದು’ ಒತ್ತುವುದನ್ನು ಕಲಿತರು. ಪ್ರಶ್ನೆ ತೆಗೆದುಹಾಕಿದೆ. ಅಳಿಸಿದ್ದೆಲ್ಲ ನಿಜವಾಗಿ ಅಳಿಯದೆ ‘ಕಚರಾ’, ಅಂದರೆ ಕಸ, ಎಂಬ ಫೋಲ್ಡರಿಗೆ ಹೋಗಿ ಬೀಳುವ ಹಾಗೆ ಮಾಡಿದೆ. ಆಮೇಲೆ ಇನ್ನೊಂದು ತಕರಾರು. ಕ್ಯಾಮೆರಾ ಪ್ರತಿ ಮದುವೆಗೂ ಒಂದರಿಂದಲೇ ನಂಬರು ಹಾಕುತ್ತದೆ, ಹಾಗಾಗಿ ಕಚರಾದಲ್ಲಿ ಒಬ್ಬರ ಅಕ್ಷತೆಯ ಫೋಟೋ ಮೇಲೆ ಅದೇ ನಂಬರಿನ ಇನ್ನೊಬ್ಬರ ಅಕ್ಷತೆ ಬಂದು ಕೂತು ಮೊದಲನೆಯದು ಮಾಯವಾಗತೊಡಗಿತು. ಪ್ರತಿ ಫೋಲ್ಡರಿಗೂ ತಾರೀಖು, ಹೊತ್ತು ಅಂಟಿಸಿದೆ. ‘ವಾಪಸ್’ ಎಂದು ಹೊಡೆದರೆ ಹಾಕಿದ್ದು ಮೊದಲಿನ ಜಾಗಕ್ಕೇ ಮರಳುವಂತೆ ಮಾಡಿದೆ. ಏನಾದರೂ ಕಾಣದಿದ್ದರೆ ಎಲ್ಲರೂ “ನಾ ಅಲ್ಲರಿ” ಎನ್ನುತ್ತಿದ್ದರಲ್ಲ, ಅದಕ್ಕೆ ಯಾರು ಯಾವಾಗ ಏನು ಹಾಕಿದರೆಂದು ಬರೆದಿಡುವ ದಾಖಲೆಯನ್ನೂ ಸೇರಿಸಿದೆ. ಎಂಥ ಜಂಬ ನನಗೆ! ಈ ಲ್ಯಾಬಿನಲ್ಲಿ ಇನ್ನು ಮೇಲೆ ಯಾರ ಫೋಟೋವೂ ಹೋಗುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ಸಾರಿದ್ದೆ.

ಆ ಮಾತನ್ನು ಪೂರ್ತಿ ನಂಬಿದವರು, ನಾನು ಮೊದಲಿಗೆ ಹೇಳಿದ ಆ ಹಿರಿಯರು, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಒಬ್ಬರೇ. ಹಳೇ ಹುಬ್ಬಳ್ಳಿಯಲ್ಲಿ ಅವರದೇ ಸ್ಟುಡಿಯೋ ಇತ್ತು. ರೀಲಿನ ಕಾಲ ಮುಗಿದ ಮೇಲೆ ಅದನ್ನು ಮುಚ್ಚಿ ನಮ್ಮಲ್ಲಿಗೆ ಬಂದರು. ಫೋಟೋಗ್ರಾಫರುಗಳು ತಂದ ಕಾರ್ಡುಗಳಿಂದ ಮದುವೆಗಳನ್ನು ಯಂತ್ರಕ್ಕೆ ಇಳಿಸಿ ಹೊಂದಿಸುವುದು ಅವರ ಕೆಲಸ. ಕಪ್ಪು ಪರದೆಯ ಮುಂದೆ ಮೊದಲ ಸಲ ಕೂತಾಗ, “ಬೇಟಿ, ಇದರಾಗ ಏನರೆ ತಪ್ಪ್ ಒತ್ತಿದ್ರ ಒಂದ್ ಮನಿ ಮದವೀನ ಹೋಗಿಬಿಡತೈತೇನ?” ಎಂದು ಕೇಳಿದ್ದರು. “ಅಂಜಬ್ಯಾಡ್ರಿ ಕಾಕಾ, ನೀವು ಅಳಿಸಿದ್ರೂ ಅದು ಹೋಗೂದಿಲ್ಲ” ಎಂದಿದ್ದೆ. ಆಗ ಅದು ಸತ್ಯವೇ ಆಗಿತ್ತು.

ಒಂದು ದಿನ ಅವರು ಮೂರು ತಿಂಗಳ ಹಿಂದಿನ ಮದುವೆಯೊಂದನ್ನು ಕಚರಾದಿಂದ ವಾಪಸ್ ತರುವುದನ್ನು ನೋಡಿದೆ.

“ಏನ್ರಿ ಕಾಕಾ, ಮದವಿ ಒಯ್ದು ಕಚರಾದಾಗ ಇಟ್ಟೀರಿ?”

“ಮತ್ತೆಲ್ಲಿ ಇಡ್ಲಿ? ನಿಮ್ಮ ಕೆಲಸದ ಫೋಲ್ಡರ್ ದುರ್ಗದಬೈಲ್ ಸಂತಿ ಆಗೇತಿ. ಎಂಟ್ ಮಂದಿ ಕೈ ಹಾಕ್ತಾರ, ಒಂದರ ಮ್ಯಾಲೊಂದು ಇಳಸ್ತಾರ. ಕಚರಾಕ್ಕ ಯಾರೂ ಕೈ ಹಚ್ಚಾಂಗಿಲ್ಲ. ತಾರೀಖ್ ಬ್ಯಾರೆ ನೀನ ಅಂಟಿಸೀದಿ.”

ನಾನು ನಕ್ಕೆ. ಚಹಾದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಯೋಚಿಸಿದ್ದರೆ ಅವರು ಹೇಳಿದ್ದು ಸರಿಯಾಗಿತ್ತು. ಆ ಇಡೀ ಯಂತ್ರದಲ್ಲಿ ಭದ್ರವಾದ ಜಾಗ ಅದೊಂದೇ ಆಗಿತ್ತು, ಅದನ್ನು ಭದ್ರ ಮಾಡಿದವಳೂ ನಾನೇ. ಫೋಟೋ ಆರಿಸಲು ತಡ ಮಾಡುವ ಮನೆಗಳ ಮದುವೆಗಳನ್ನೆಲ್ಲ ಅವರು ಅಲ್ಲೇ ಇಡುತ್ತಾರೆಂಬುದು ನನಗೆ ಅಂದೇ ಗೊತ್ತಾಯಿತು. ಗೊತ್ತಾಯಿತು ಎಂಬುದನ್ನು ಓದುವವರು ನೆನಪಿಡಬೇಕು.

ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯ ಮದುವೆಯೊಂದು ನಮಗೆ ಬಂದದ್ದು ಕಾಕಾರ ಮಾತಿನ ಮೇಲೆ. ಅವರ ಮಗಳನ್ನು ಆ ಊರಿಗೆ ಕೊಟ್ಟಿತ್ತು. ಮದುವೆ ಅಲ್ಲಿಯ ಹತ್ತಿ ವ್ಯಾಪಾರದ ದೊಡ್ಡ ಮನೆತನದ್ದು. ಮದುವೆಯಾಗಿ ಹದಿನೈದು ದಿನಕ್ಕೆ ಮದುವೆಯ ಹುಡುಗಿಯ ಅಜ್ಜಿ ತೀರಿಕೊಂಡರು. ಆ ಮನೆಯಲ್ಲಿ ವರ್ಷ ತುಂಬುವ ತನಕ ಮದುವೆಯ ಫೋಟೋ ಬಿಚ್ಚಿ ನೋಡುವ ಪದ್ಧತಿಯಿಲ್ಲ. ವರ್ಷದ ಕಾರ್ಯ ಮುಗಿಸಿ ಬರುತ್ತೇವೆ, ಜ್ವಾಕಿಯಿಂದ ಇಡ್ರಿ ಎಂದು ಹುಡುಗಿಯ ಅಪ್ಪ ಹೇಳಿ ಹೋದರು. ಕಾಕಾ ಜ್ವಾಕಿಯಿಂದ ಇಟ್ಟರು. ಕಚರಾದಲ್ಲಿ.

ಆ ವರ್ಷವೇ ಯಂತ್ರ ತುಂಬಿ ಬಂತು. ಹೊಸ ಮದುವೆ ಇಳಿಸಲು ಜಾಗವಿಲ್ಲ ಎಂದು ಎಲ್ಲರೂ ನನ್ನ ತಲೆ ತಿಂದರು. ನೋಡಿದರೆ ಅರ್ಧ ಜಾಗ ನುಂಗಿದ್ದು ಕಚರಾ. ನಾನು ನನ್ನ ಆಜ್ಞೆಗೆ ಹೊಸ ಸುಧಾರಣೆಯೊಂದನ್ನು ಮಾಡಿದೆ. ಕಚರಾದಲ್ಲಿ ತೊಂಬತ್ತು ದಿನ ದಾಟಿದ್ದೆಲ್ಲ ದಿನಾ ಬೆಳಗ್ಗೆ ಲ್ಯಾಬು ತೆರೆಯುವ ಮೊದಲು ತಾನಾಗಿ ಹೋಗಬೇಕು, ಈ ಸಲ ನಿಜವಾಗಿ ಹೋಗಬೇಕು. ಯಂತ್ರ ತಾನೇ ಮಾಡುವ ಕೆಲಸವನ್ನು ದಾಖಲೆಯಲ್ಲಿ ಬರೆಯುವುದೇಕೆ ಎಂದು ಅದನ್ನು ಬಿಟ್ಟೆ. ಬೇರೆ ಡಿಸ್ಕಿಗೆ ದಿನವೂ ನಕಲಾಗುತ್ತಿದ್ದುದು ಕೆಲಸದ ಫೋಲ್ಡರು ಮಾತ್ರ, ಕಚರಾಕ್ಕೆ ನಕಲು ಯಾರು ಇಡುತ್ತಾರೆ? ಒಂದು ನೋಟಿಸ್ ಟೈಪ್ ಮಾಡಿ ನೀರಿನ ಫಿಲ್ಟರಿನ ಮೇಲೆ ಅಂಟಿಸಿದೆ. ಇಂಗ್ಲಿಷಿನಲ್ಲಿ. ಕಾಕಾ ಕನ್ನಡ ಓದುತ್ತಿದ್ದರು, ಉರ್ದು ಓದುತ್ತಿದ್ದರು. ಅವರ ಕುರ್ಚಿ ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ. ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ವರ್ಷದ ಕಾರ್ಯ ಮುಗಿಸಿ ಹುಡುಗಿಯ ಅಪ್ಪ ಬಂದರು. ಕಾಕಾ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ‘ವಾಪಸ್’ ಎಂದು ಹೊಡೆದರು. ಏನೂ ಬರಲಿಲ್ಲ. ಮತ್ತೆ ಹೊಡೆದರು. ನಾನು ಎದ್ದು ಬರುವ ಹೊತ್ತಿಗೆ ಐದಾರು ಸಲ ಹೊಡೆದಿದ್ದರು. ಪರದೆ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಡಿಸ್ಕಿನ ಆ ಜಾಗದ ಮೇಲೆ ಆಗಲೇ ಬೇರೆ ಮದುವೆಗಳು ಬಂದು ಕೂತಿದ್ದವು, ಫೋಟೋಗ್ರಾಫರನ ಕಾರ್ಡೂ ಎಂದೋ ಖಾಲಿಯಾಗಿತ್ತು, ಹುಡುಕಿ ತೆಗೆಯುವಂತೆಯೂ ಇರಲಿಲ್ಲ.

ಮಾಲಕರು ನಮ್ಮಿಬ್ಬರನ್ನೂ ಹುಡುಗಿಯ ಅಪ್ಪನನ್ನೂ ತಮ್ಮ ಕೋಣೆಗೆ ಕರೆದರು. “ಯಾರ್ ಅಳಿಸ್ಯಾರ ನೋಡ್ರಿ ಮೇಡಮ್, ನಿಮ್ಮ ಮಶಿನ್ ಎಲ್ಲಾ ಬರದಿಡತೈತಲ್ಲ” ಎಂದರು. ಬರೆದಿಟ್ಟಿತ್ತು. ತಾರೀಖು, ಹೊತ್ತು, ಫೋಲ್ಡರು, ಕಾಕಾರ ಹೆಸರು. ಅದರ ಕೆಳಗೆ, ತೊಂಬತ್ತು ದಿನದ ಮೇಲೆ ಏನಾಯಿತೆಂಬುದಕ್ಕೆ ಒಂದು ಸಾಲೂ ಇರಲಿಲ್ಲ.

“ಹೌದ್ರಿ, ನಾನ ಹಾಕೇನಿ,” ಎಂದರು ಕಾಕಾ, ಸ್ವಲ್ಪವೂ ಅಳುಕದೆ. “ಹಾಕಿದ್ರ ಅದು ಹೋಗೂದಿಲ್ಲರಿ. ಬೇಕಾರ ಈ ಬೇಟಿನ್ನ ಕೇಳ್ರಿ.”

ಮೂವರೂ ನನ್ನ ಕಡೆ ತಿರುಗಿದರು.

“ನಾ ನೋಟಿಸ್ ಹಚ್ಚಿದ್ನಿರಿ,” ಎಂದೆ.

ಸುಳ್ಳು ಹೇಳಲಿಲ್ಲ ನೋಡಿ. ನಾಲಿಗೆಗೆ ಎಷ್ಟು ಬುದ್ಧಿ! ಕಾಕಾ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದೆ. ಅವರು ಹುಡುಗಿಯ ಅಪ್ಪನ ಕಡೆ ತಿರುಗಿ, “ತಪ್ಪಾತ್ರಿ ಯಜಮಾನ್ರ” ಎಂದರು.

“ನಮ್ಮವ್ವನ ಕಡೀ ಫೋಟೋ ಇದ್ವು ಅದರಾಗ. ನಿನ್ನ ಕೈಗೆ ಏನ್ ಬಂದಿತ್ತೋ ಮುದುಕಾ?” ಎಂದು ಆ ಮನುಷ್ಯ ಎದ್ದು ನಿಂತರು. ಅವರ ಎದುರಿಗೇ ಮಾಲಕರು ಕಾಕಾರಿಗೆ ನಾಳೆಯಿಂದ ಬರುವುದು ಬೇಡ ಎಂದರು. ಕಾಕಾ ಊಟದ ಡಬ್ಬಿ ತೆಗೆದುಕೊಂಡು ಹೋದರು. ಅವತ್ತೇ ಮಧ್ಯಾಹ್ನ ನಾನು, ಯಂತ್ರ ತಾನಾಗಿ ಅಳಿಸಿದ್ದನ್ನೂ ದಾಖಲೆಯಲ್ಲಿ ಬರೆಯುವಂತೆ ತಿದ್ದಿದೆ. ಇಪ್ಪತ್ತು ನಿಮಿಷದ ಕೆಲಸ.

ಐದು ತಿಂಗಳು ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ ಕಾಕಾರ ಮನೆ ಹುಡುಕಿಕೊಂಡು ಹೋದೆ. ಮುಂದಿನ ಕೋಣೆಯಲ್ಲಿ ಕೂತು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದರು. ಚಾಪೆ ಹಾಸಿ ಕೂಡಿಸಿದರು.

“ಕಾಕಾ, ಆ ಫೋಟೋ ಅಳಿಸಿದ್ದು ನೀವಲ್ಲ. ನಾ ಬರದ ಪ್ರೋಗ್ರಾಮ್.”

“ಗೊತ್ತೈತಿ.”

“ಯಾವಾಗಿಂದ ಗೊತ್ತೈತ್ರಿ?”

“ಅವತ್ತಿಂದನ. ಕಂಪ್ಯೂಟರ್ ನನಗ ತಿಳಿಯಾಂಗಿಲ್ಲ. ಮಂದಿ ಮಾರಿ ನೋಡಾಕತ್ತು ನಲವತ್ತ್ ವರ್ಷ ಆತು. ನಿನ್ನ ಮಾರಿ ನೋಡಿದ್ನಿ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ಕಾಯ್ದ್ನಿ.”

ನಾನು ಅಳತೊಡಗಿದೆ. ಅವರಿಗೆ ರೇಗಿತು. “ಅಳಬ್ಯಾಡ. ನೀ ಅತ್ರ ನನಗೇನ್ ಬಂತು? ನೌಕರಿ ಹೋದ್ರ ಹೋತು. ಆ ಊರಾಗ ನನ್ನ ಮಗಳಿಗೆ, ಸತ್ತ ಮುದುಕಿ ಫೋಟೋ ನುಂಗಿದಾಂವನ ಮಗಳು ಅಂತಾರ. ನೀರಿಗೆ ಹೋದಲ್ಲೆ ಅಂತಾರ. ನೀ ಒಮ್ಮೆ ಆ ಮನಿಗೆ ಹೋಗು. ಅವರ ಮುಂದ ಇದನ್ನ ಹೇಳು. ಅಷ್ಟು ಸಾಕು ನನಗ.”

“ಹೋಗ್ತೀನ್ರಿ ಕಾಕಾ,” ಎಂದೆ.

ಮರುದಿನ ಮಾಲಕರಿಗೆ ಎಲ್ಲವನ್ನೂ ಹೇಳಿದೆ. ಅವರು ಮೊಬೈಲಿನಿಂದ ತಲೆಯೆತ್ತಲಿಲ್ಲ.

“ನನಗೂ ಗೊತ್ತಿತ್ತು ಬಿಡ್ರಿ. ನಿಮ್ಮ ನೋಟಿಸ್ ನಾನೂ ಓದಿದ್ನಲ್ಲ, ತೊಂಬತ್ತ್ ದಿನಕ್ಕ ಹೋಗತೈತಿ ಅಂತ ನೀವ ಬರದಿದ್ರಿ.”

“ಮತ್ತ ಕಾಕಾನ್ನ ಯಾಕ ಕಳಿಸಿದ್ರಿ?”

“ಪಾರ್ಟಿ ಎದುರು ಕುಂತಿತ್ತು, ಯಾರನ್ನರೆ ಕಳಸಬೇಕಾಗಿತ್ತು. ನಿಮ್ಮನ್ನ ಕಳಿಸಿದ್ರ ಈ ಮಶಿನ್ ಯಾರ್ ನೋಡವ್ರು? ಕಾರ್ಡ್ ಇಳಸೂದು ಯಾರರೆ ಮಾಡ್ತಾರ. ಉಪ್ಪಿನಬೆಟಗೇರಿಗೆ ಹೋಗೂದೂ ಬ್ಯಾಡ, ಹೇಳೂದೂ ಬ್ಯಾಡ. ಚಹಾ ಕುಡೀರಿ.”

ಕುಡಿದೆ. ಅವರು ಬೇಡ ಎಂದರು, ಅದಕ್ಕೆ ಹೋಗಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು, ಓದುವವರು ಒಪ್ಪಿಯೂ ಒಪ್ಪುತ್ತಾರೆ. ಆದರೆ ಅವರು ‘ಬ್ಯಾಡ’ ಎಂದಾಗ ನನಗೆ ಹಾಯೆನಿಸಿತು. ನಾನು ಇರುವುದು ಧಾರವಾಡದಲ್ಲಿ. ಅಲ್ಲಿಂದ ಉಪ್ಪಿನಬೆಟಗೇರಿಗೆ ದಿನವೂ ಬಸ್ಸಿದೆ. ಇನ್ನೂ ಹತ್ತಿಲ್ಲ.